ಆಡಲು ಎಷ್ಟು ಮಾತು ಬೇಕು?

(ಗಡಿಭಾಗದ ಮಕ್ಕಳು ದಿನವೂ ಎರಡು ಮೂರು ಭಾಷೆಗಳ ನಡುವೆ ಓಡಾಡುತ್ತಾರೆ. ಈಗ ಮೊಬೈಲಿನ ಆಟಗಳಲ್ಲಿ ಮುಖ ಕಾಣದ, ಹೆಸರು ತಿಳಿಯದ ಜೊತೆಗಾರರೂ ಬಂದಿದ್ದಾರೆ. ಅವರ ಭಾಷೆ ಬೇರೆಯಾದಾಗ ಆಟ ಹೇಗೆ ಸಾಗುತ್ತದೆ, ಎಲ್ಲಿ ಕೆಡುತ್ತದೆ ಎಂಬುದನ್ನು ಈ ಪಾಠದಲ್ಲಿ ಓದಿರಿ.)

ಮಕ್ಕಳೇ, ದೀಪಾವಳಿಯ ರಜೆ ಎಂದಿಟ್ಟುಕೊಳ್ಳಿರಿ. ನೀವು ಉಮರ್ಗಾ ತಾಲೂಕಿನ ಒಂದು ಹಳ್ಳಿಯಲ್ಲಿದ್ದೀರಿ. ಅಣ್ಣನ ಮೊಬೈಲು ಅರ್ಧ ಗಂಟೆಯ ಮಟ್ಟಿಗೆ ನಿಮ್ಮ ಕೈಗೆ ಸಿಕ್ಕಿದೆ. ನಾಲ್ವರು ಕೂಡಿ ಆಡುವ ಒಂದು ಆಟ. ನಿಮ್ಮ ಗುಂಪಿನ ಉಳಿದ ಮೂವರು ಯಾರೋ, ಎಲ್ಲಿಯವರೋ ನಿಮಗೆ ತಿಳಿಯದು. ಆಟದಲ್ಲಿ ಒಂದು ಎರಡಂತಸ್ತಿನ ಮನೆಯಿದೆ. ನೀವು ಮಹಡಿಯ ಮೇಲಿದ್ದೀರಿ. ಆಗ ಜೊತೆಗಾರನೊಬ್ಬ ಜೋರಾಗಿ ಕೂಗುತ್ತಾನೆ: "ಖಾಲಿ! ಖಾಲಿ!"

ಮನೆ ಖಾಲಿ ಇದೆ, ಒಳಗೆ ಯಾರೂ ಇಲ್ಲ ಎಂದು ನೀವು ತಿಳಿಯುತ್ತೀರಿ. ಧೈರ್ಯದಿಂದ ಮೆಟ್ಟಿಲು ಇಳಿಯುತ್ತೀರಿ. ಕೆಳಗೆ ಎದುರಾಳಿ ಕಾದು ನಿಂತಿದ್ದಾನೆ. ಅಲ್ಲಿಗೆ ನಿಮ್ಮ ಆಟ ಮುಗಿಯಿತು! "ಖಾಲಿ ಅಂತ ಯಾಕೆ ಹೇಳಿದಿ?" ಎಂದು ನೀವು ಸಿಟ್ಟಿನಿಂದ ಕೇಳುತ್ತೀರಿ. ಆ ಕಡೆಯಿಂದ "ನಾಯ್, ನಾಯ್" ಎಂದು ಉತ್ತರ ಬರುತ್ತದೆ. ಆಟದಲ್ಲಿ ಸೋಲಿಸಿದ್ದಲ್ಲದೆ ನನ್ನನ್ನು ನಾಯಿ ಎಂದೂ ಕರೆದನಲ್ಲ! ಇನ್ನೇನು, ಜಗಳ ಶುರು.

ಆ ಹುಡುಗ ತಪ್ಪು ಮಾಡಿದನೇ? ಇಲ್ಲ. ಅವನು ನಿಲಂಗಾದ ಕಡೆಯ ಮರಾಠಿ ಹುಡುಗ. ಮರಾಠಿಯಲ್ಲಿ 'ಖಾಲಿ' ಎಂದರೆ 'ಕೆಳಗೆ'. "ಕೆಳಗೆ ಇದ್ದಾನೆ, ಕೆಳಗೆ ಇದ್ದಾನೆ" ಎಂದು ಅವನು ನಿಮ್ಮನ್ನು ಎಚ್ಚರಿಸಿದ. 'ನಾಯ್' ಎಂದರೆ 'ನಾಹೀ', ಅಂದರೆ 'ಇಲ್ಲ'. "ನಾನು ಹಾಗೆ ಹೇಳಲಿಲ್ಲ" ಎಂದಷ್ಟೇ ಅವನ ಮಾತು. ನಿಮ್ಮ ಜೀವ ಉಳಿಸಲು ಕೂಗಿದವನನ್ನೇ ನೀವು ಬೈದಿರಿ.

ಇಂಥ ಎಡವಟ್ಟು ನಮ್ಮ ಗಡಿಯಲ್ಲಿ ಹೊಸದಲ್ಲ. ನಕಾಶೆಯನ್ನು ತೆರೆದು ಉಮರ್ಗಾ, ನಿಲಂಗಾ, ಉದಗೀರ ಈ ಮೂರು ಊರುಗಳನ್ನು ಹುಡುಕಿರಿ. ಉಮರ್ಗಾ ಧಾರಾಶಿವ ಜಿಲ್ಲೆಯಲ್ಲಿದೆ. ಸೋಲಾಪುರದಿಂದ ಹೈದರಾಬಾದಕ್ಕೆ ಹೋಗುವ ಹೆದ್ದಾರಿ ಅದನ್ನು ಹಾಯ್ದು ಹೋಗುತ್ತದೆ. ನಿಲಂಗಾ ಮತ್ತು ಉದಗೀರ ಲಾತೂರ ಜಿಲ್ಲೆಯಲ್ಲಿವೆ. ಉದಗೀರದಲ್ಲಿ ರೈಲು ಹತ್ತಿದರೆ ಕಮಲನಗರ, ಭಾಲ್ಕಿ ದಾಟಿ ಬೀದರಕ್ಕೆ ಹೋಗುತ್ತೇವೆ. ಉದಗೀರದ ನಿಲ್ದಾಣದ ಫಲಕದ ಮೇಲೆ ಮರಾಠಿ, ಕಮಲನಗರದ ಫಲಕದ ಮೇಲೆ ಕನ್ನಡ! ಡಬ್ಬಿಯೊಳಗಿನ ಜನ ಮಾತ್ರ ಅವರೇ. 1956ರ ನವೆಂಬರ್ 1ಕ್ಕೆ ಮೊದಲು ನಿಲಂಗಾ ಮತ್ತು ಉದಗೀರ ತಾಲೂಕುಗಳು ಹೈದರಾಬಾದ ರಾಜ್ಯದ ಬೀದರ ಜಿಲ್ಲೆಯಲ್ಲಿಯೇ ಇದ್ದವು. ಭಾಷೆಯನ್ನು ನೋಡಿ ರಾಜ್ಯಗಳನ್ನು ಮಾಡಿದಾಗ ಅವು ಈ ಕಡೆ ಬಂದವು. ಮುಂದೆ 1982ರಲ್ಲಿ ಲಾತೂರ ಜಿಲ್ಲೆಯಾಯಿತು. ಗೆರೆ ಎಳೆದರೂ ಮಾತು ಗೆರೆಯ ಆಚೆ ಈಚೆ ಓಡಾಡುವುದನ್ನು ಬಿಡಲಿಲ್ಲ. ಕನ್ನಡ, ಮರಾಠಿ, ದಖನಿ ಉರ್ದು, ತೆಲುಗು, ಲಂಬಾಣಿ ಎಲ್ಲವೂ ಒಂದೇ ಸಂತೆಯಲ್ಲಿ ಕಿವಿಗೆ ಬೀಳುತ್ತವೆ.

ಸಂತೆಯ ಮಾತು ಬಂತು. ಉದಗೀರ ತಾಲೂಕಿನ ಹಾಳಿ-ಹಂಡರಗುಳಿಯ ದನದ ಸಂತೆಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ದೇವಣಿ ತಳಿಯ ಎತ್ತುಗಳಿಗೆ ನಮ್ಮ ಭಾಗ ಹೆಸರುವಾಸಿ. ಕೊಳ್ಳುವವನು ಒಂದು ಊರಿನವನು, ಮಾರುವವನು ಇನ್ನೊಂದು ಊರಿನವನು. ಹಳೆಯ ವ್ಯಾಪಾರಸ್ಥರು ದನದ ಸಂತೆಗಳಲ್ಲಿ ಬೆಲೆಯನ್ನು ಬಾಯಿಯಿಂದ ಹೇಳುತ್ತಿರಲಿಲ್ಲ. ಇಬ್ಬರೂ ಒಂದು ಪಂಚೆಯ ಕೆಳಗೆ ಕೈ ಕೈ ಹಿಡಿಯುವರು. ಒಬ್ಬನು ಇನ್ನೊಬ್ಬನ ಬೆರಳುಗಳನ್ನು ಒತ್ತುವನು. ಒಂದು ಬೆರಳು, ಎರಡು ಬೆರಳು, ಇಡೀ ಅಂಗೈ! ತಲೆ ಅಲ್ಲಾಡುವುದು, ಮತ್ತೆ ಬೆರಳು ಒತ್ತುವುದು. ಕೊನೆಗೆ ವ್ಯವಹಾರ ಕುದುರುವುದು. ಸುತ್ತ ನಿಂತವರಿಗೆ ಬೆಲೆ ತಿಳಿಯಬಾರದು ಎಂಬುದು ಇದರ ಮೊದಲ ಉದ್ದೇಶ. ಆದರೆ ಇನ್ನೊಂದು ಲಾಭವೂ ಇತ್ತು. ಬೆರಳಿಗೆ ಕನ್ನಡವೂ ಇಲ್ಲ, ಮರಾಠಿಯೂ ಇಲ್ಲ.

ಎಸ್.ಟಿ. ಬಸ್ಸಿನ ನಿರ್ವಾಹಕರನ್ನೂ ಗಮನಿಸಿರಿ. ಒಂದು ಸಲ ಗಂಟೆ ಬಾರಿಸಿದರೆ ನಿಲ್ಲು; ಎರಡು ಸಲ ಬಾರಿಸಿದರೆ ಹೊರಡು. ಚಾಲಕನು ಯಾವ ಊರಿನವನಾದರೂ ಇದು ತಿಳಿಯುತ್ತದೆ. ಯಾಕೆ ತಿಳಿಯುತ್ತದೆ? ಇಬ್ಬರೂ ಮೊದಲೇ ಒಪ್ಪಿಕೊಂಡಿದ್ದಾರೆ. ಹೀಗೆ ಮೊದಲೇ ಒಪ್ಪಿಕೊಂಡ ಗುರುತಿಗೆ 'ಸಂಕೇತ' ಎನ್ನುತ್ತಾರೆ.

ಆಟದ ಮೈದಾನದಲ್ಲಿ ಇಂಥ ಸಂಕೇತ ಇಲ್ಲದೆ ಒಮ್ಮೆ ದೊಡ್ಡ ಗೊಂದಲವೇ ಆಯಿತು. ಆ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

1966ರ ಜುಲೈ 23. ಇಂಗ್ಲೆಂಡ ದೇಶದ ಲಂಡನ್ ನಗರ. ವೆಂಬ್ಲಿ ಎಂಬ ಮೈದಾನದಲ್ಲಿ ಫುಟ್‌ಬಾಲ್ ವಿಶ್ವಕಪ್ಪಿನ ಪಂದ್ಯ. ಒಂದು ಕಡೆ ಇಂಗ್ಲೆಂಡ, ಇನ್ನೊಂದು ಕಡೆ ಅರ್ಜೆಂಟೀನಾ. ಪಂಚರು ರುಡಾಲ್ಫ್ ಕ್ರೈಟ್‌ಲೈನ್ ಎಂಬ ಜರ್ಮನಿಯವರು. ಅರ್ಜೆಂಟೀನಾದ ನಾಯಕ ಆಂಟೋನಿಯೊ ರಾಟಿನ್. ರಾಟಿನ್ ಆಡುವ ಮಾತು ಸ್ಪ್ಯಾನಿಷ್. ಪಂಚರಿಗೆ ಸ್ಪ್ಯಾನಿಷ್ ಬಾರದು. ರಾಟಿನ್‌ಗೆ ಜರ್ಮನ್ ಬಾರದು. ಪಂಚರ ತೀರ್ಪುಗಳ ಬಗ್ಗೆ ನಾಯಕನು ಪದೇ ಪದೇ ಏನೋ ಹೇಳುತ್ತಿದ್ದ. ದುಭಾಷಿಯನ್ನು ಕರೆಸಿರಿ ಎಂದು ತಾನು ಕೇಳುತ್ತಿದ್ದೆ ಎಂದು ರಾಟಿನ್ ಆಮೇಲೆ ಹೇಳಿದ. ಪಂಚರು ಅವನ ಮುಖವನ್ನೂ ಕೈಯಾಡಿಸುವುದನ್ನೂ ನೋಡಿ, ಇವನು ತನ್ನನ್ನು ಅವಮಾನ ಮಾಡುತ್ತಿದ್ದಾನೆ ಎಂದು ತಿಳಿದರು. ಮೊದಲರ್ಧ ಮುಗಿಯುವ ಮುಂಚೆಯೇ ಅವನನ್ನು ಮೈದಾನದಿಂದ ಹೊರಗೆ ಕಳಿಸಿದರು.

ರಾಟಿನ್ ಹೋಗಲಿಲ್ಲ! ಯಾಕೆ ಹೊರಗೆ ಹಾಕಿದರು ಎಂಬುದೇ ಅವನಿಗೆ ಒಪ್ಪಿಗೆಯಾಗಲಿಲ್ಲ. ಆಟ ನಿಂತಿತು. ಅಧಿಕಾರಿಗಳು ಬಂದರು, ಪೊಲೀಸರು ಬಂದರು. ಹಲವು ನಿಮಿಷಗಳ ಮೇಲೆ ಅವನು ಹೊರನಡೆದ. ಆ ಪಂದ್ಯವನ್ನು ಇಂಗ್ಲೆಂಡ 1-0 ರಿಂದ ಗೆದ್ದಿತು. ಆದರೆ ಗೆದ್ದವರಿಗಿಂತ ಈ ಗೊಂದಲವೇ ಜನರ ನೆನಪಿನಲ್ಲಿ ಉಳಿಯಿತು.

ಆ ವಿಶ್ವಕಪ್ಪಿನ ಪಂಚರ ಮೇಲ್ವಿಚಾರಣೆ ಕೆನ್ ಆಸ್ಟನ್ ಎಂಬವರದು. (ಅವರು ಶಾಲೆಯ ಶಿಕ್ಷಕರಾಗಿದ್ದರು ಎಂದು ಹೇಳಲು ನನಗೆ ಸಂತೋಷ.) ಪಂದ್ಯ ಮುಗಿದ ಮೇಲೆ ಅವರು ಕಾರಿನಲ್ಲಿ ಹೋಗುತ್ತಿದ್ದಾಗ ರಸ್ತೆಯ ದೀಪ ಕಂಡಿತು. ಹಳದಿ ದೀಪ: ಜೋಕೆ. ಕೆಂಪು ದೀಪ: ನಿಲ್ಲು. ಯಾವ ದೇಶದವನಿಗೂ ಇದನ್ನು ಅನುವಾದಿಸಿ ಹೇಳಬೇಕಿಲ್ಲವಲ್ಲ! ಹಾಗೆ ಹುಟ್ಟಿದವು ಹಳದಿ ಕಾರ್ಡು ಮತ್ತು ಕೆಂಪು ಕಾರ್ಡು. 1970ರಲ್ಲಿ ಮೆಕ್ಸಿಕೊ ದೇಶದಲ್ಲಿ ನಡೆದ ವಿಶ್ವಕಪ್ಪಿನಲ್ಲಿ ಅವು ಮೊದಲ ಸಲ ಬಳಕೆಗೆ ಬಂದವು. ಆ ಇಡೀ ವಿಶ್ವಕಪ್ಪಿನಲ್ಲಿ ಒಬ್ಬನಿಗೂ ಕೆಂಪು ಕಾರ್ಡು ತೋರಿಸುವ ಪ್ರಸಂಗ ಬರಲಿಲ್ಲ.

ನಮ್ಮ ಖೋ-ಖೋ ಆಟವನ್ನೇ ನೋಡಿರಿ. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಖೋ-ಖೋ ಆಟದ ಮೊದಲ ವಿಶ್ವಕಪ್ ನಡೆಯಿತು. ಪುರುಷರ ವಿಭಾಗದಲ್ಲಿಯೂ ಮಹಿಳೆಯರ ವಿಭಾಗದಲ್ಲಿಯೂ ಭಾರತವೇ ಗೆದ್ದಿತು. ಎರಡರಲ್ಲಿಯೂ ಅಂತಿಮ ಪಂದ್ಯ ನೇಪಾಳದೊಂದಿಗೆ. ನಮ್ಮ ಮಹಿಳೆಯರ ತಂಡದ ನಾಯಕಿ ಮಹಾರಾಷ್ಟ್ರದ ಪ್ರಿಯಾಂಕಾ ಇಂಗಳೆ. ಅದೇ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಕೂಡ ಇದ್ದರು. ಒಬ್ಬರ ಮನೆಮಾತು ಮರಾಠಿ ಸೀಮೆಯದು, ಇನ್ನೊಬ್ಬರದು ಕನ್ನಡ ಸೀಮೆಯದು. ಬೆನ್ನು ತಟ್ಟಿ ಎಬ್ಬಿಸುವಾಗ ಇಬ್ಬರಿಗೂ ಒಂದೇ ಮಾತು: "ಖೋ!"

ಈಗ ಮೊಬೈಲಿನ ಆಟಕ್ಕೆ ಬರೋಣ. ಮೈದಾನದಲ್ಲಿ ಎದುರಿನವನ ಮುಖ ಕಾಣುತ್ತದೆ. ಅವನು ನಗುತ್ತಿದ್ದಾನೋ ಸಿಟ್ಟಾಗಿದ್ದಾನೋ ತಿಳಿಯುತ್ತದೆ. ಮೊಬೈಲಿನಲ್ಲಿ ಮುಖವಿಲ್ಲ. ಬರೀ ದನಿ, ಅದೂ ಒಡೆದ ದನಿ. ಇಲ್ಲವೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ತುಂಡು ಮಾತು. ಹೀಗಾಗಿ ಅಪಾರ್ಥಕ್ಕೆ ದಾರಿ ಹೆಚ್ಚು.

ಆಟ ತಯಾರಿಸುವವರಿಗೂ ಈ ತೊಂದರೆ ಮೊದಲೇ ಗೊತ್ತಾಗಿತ್ತು. 2000ದಲ್ಲಿ ಜಪಾನಿನ ಸೆಗಾ ಎಂಬ ಸಂಸ್ಥೆ 'ಫ್ಯಾಂಟಸಿ ಸ್ಟಾರ್ ಆನ್‌ಲೈನ್' ಎಂಬ ಆಟವನ್ನು ಹೊರತಂದಿತು. ಜಪಾನಿನ ಮಕ್ಕಳು ಬೇರೆ ದೇಶದ ಮಕ್ಕಳೊಂದಿಗೆ ಕೂಡಿ ಆಡಬೇಕು. ಒಬ್ಬರ ಲಿಪಿ ಇನ್ನೊಬ್ಬರಿಗೆ ಬಾರದು. ಅದಕ್ಕೆ ಅವರು ಒಂದು ಉಪಾಯ ಮಾಡಿದರು. ಸಿದ್ಧಪಡಿಸಿದ ಪದಗಳ ಪಟ್ಟಿಯನ್ನು ಆಟದೊಳಗೇ ಇಟ್ಟರು. ಜಪಾನಿನ ಹುಡುಗ ತನ್ನ ಪಟ್ಟಿಯಿಂದ ಒಂದು ಮಾತನ್ನು ಆರಿಸಿ ಒತ್ತಿದರೆ, ಅದೇ ಮಾತು ಫ್ರಾನ್ಸಿನ ಹುಡುಗಿಯ ಪರದೆಯ ಮೇಲೆ ಫ್ರೆಂಚಿನಲ್ಲಿ ಮೂಡುತ್ತಿತ್ತು. ಹೀಗೆ ಐದು ಭಾಷೆಗಳು: ಜಪಾನಿ, ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್. ನಮ್ಮ ಭಾಷೆ ಅದರಲ್ಲಿರಲಿಲ್ಲ ಎಂಬುದನ್ನು ಗಮನಿಸಿದಿರಾ? ಉಪಾಯ ಒಳ್ಳೆಯದೇ, ಆದರೆ ಪಟ್ಟಿ ಮಾಡುವವರ ನೆನಪಿಗೆ ಬಂದ ಭಾಷೆಗೆ ಮಾತ್ರ ಅದರಲ್ಲಿ ಜಾಗ.

2012ರಲ್ಲಿ ಬಂದ 'ಜರ್ನಿ' ಎಂಬ ಆಟದವರು ಇನ್ನೂ ಮುಂದೆ ಹೋದರು. ಮಾತನ್ನೇ ತೆಗೆದುಹಾಕಿದರು! ಇಬ್ಬರು ಅಪರಿಚಿತರು ಮರಳುಗಾಡಿನಲ್ಲಿ ಒಂದು ಬೆಟ್ಟದ ಕಡೆಗೆ ನಡೆಯುತ್ತಾರೆ. ಹೆಸರು ಕಾಣುವುದಿಲ್ಲ, ಬರೆಯಲು ಬರುವುದಿಲ್ಲ. ಗುಂಡಿ ಒತ್ತಿದರೆ ಗಂಟೆಯಂಥ ಒಂದು ದನಿ ಮಾತ್ರ ಹೊರಡುತ್ತದೆ. ಇಷ್ಟರಿಂದಲೇ "ಇಲ್ಲಿ ಬಾ", "ನಿಲ್ಲು", "ನಾನಿದ್ದೇನೆ" ಎಂಬುದನ್ನೆಲ್ಲ ಆಡುವವರು ಹೇಳಿಕೊಳ್ಳುತ್ತಾರೆ. ಆಟ ಪೂರ್ತಿ ಮುಗಿದ ಮೇಲೆಯೇ ಜೊತೆಗೆ ನಡೆದವರ ಹೆಸರು ಪರದೆಯ ಮೇಲೆ ಕಾಣುವುದು. ಈಗಿನ ಅನೇಕ ಗುಂಪು ಆಟಗಳಲ್ಲಿ ನೆಲದ ಮೇಲೆ ಬೆರಳಿಟ್ಟು ಗುರುತು ಹಾಕುವ ಏರ್ಪಾಡು ಇರುತ್ತದೆ. "ಇಲ್ಲಿ ವಸ್ತು ಇದೆ", "ಅಲ್ಲಿ ಶತ್ರು ಇದ್ದಾನೆ" ಎಂದು ಅದು ಬಾಣ ಹಾಕಿ ತೋರಿಸುತ್ತದೆ. ಕೂಗುವ ಮೊದಲು ಆ ಗುರುತನ್ನು ಒತ್ತಲು ಕಲಿಯಿರಿ. ಗುರುತಿಗೆ ಅಪಾರ್ಥ ಕಡಿಮೆ.

ಆದರೆ ಮಾತೇ ಬೇಕಾದಾಗ? ಆಗ ನಮ್ಮ ಸುತ್ತಲಿನ ಭಾಷೆಗಳ ಗುಣವನ್ನು ಸ್ವಲ್ಪ ತಿಳಿದಿರಬೇಕು. ಇದು ಬಹಳ ಸ್ವಾರಸ್ಯದ ವಿಷಯ. ಆಟದಲ್ಲಿ ಹೆಚ್ಚು ಬೇಕಾಗುವ ಮಾತು ಎಡ ಮತ್ತು ಬಲ. ಮರಾಠಿಯಲ್ಲಿ ಎಡಕ್ಕೆ 'ಡಾವಾ', ಬಲಕ್ಕೆ 'ಉಜವಾ'. ಹಿಂದಿಯಲ್ಲಿ ಎಡಕ್ಕೆ 'ಬಾಯಾಂ', ಬಲಕ್ಕೆ 'ದಾಯಾಂ'. ಈಗ ಜೋರಾಗಿ ಓದಿರಿ: ಡಾವಾ, ದಾಯಾಂ. ಕಿವಿಗೆ ಎಷ್ಟು ಹತ್ತಿರ! ಅರ್ಥ ಮಾತ್ರ ತೀರ ವಿರುದ್ಧ. ಇನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಡಿ, ಎ, ವಿ, ಎ ಎಂದು ಬರೆದರೆ ಮರಾಠಿಯವನು 'ಎಡ' ಎಂದು ಓದುತ್ತಾನೆ, ಹಿಂದಿಯವನು 'ದವಾ' ಅಂದರೆ 'ಔಷಧ' ಎಂದು ಓದುತ್ತಾನೆ. ಒಬ್ಬ ಎಡಕ್ಕೆ ಓಡಿದರೆ ಇನ್ನೊಬ್ಬ ಔಷಧದ ಡಬ್ಬಿ ಹುಡುಕುತ್ತಾನೆ.

ತೆಲುಗಿನಲ್ಲಿ ಎಡಕ್ಕೆ 'ಎಡಮ'. ಇದು ನಮಗೆ ಸುಲಭ. ಆದರೆ ಬಲಕ್ಕೆ ಅವರು 'ಕುಡಿ' ಎನ್ನುತ್ತಾರೆ! "ಕುಡಿ, ಕುಡಿ" ಎಂದು ಅವರು ಕೂಗಿದರೆ ನೀರಿನ ತಂಬಿಗೆ ಹುಡುಕಬೇಡಿರಿ, ಬಲಕ್ಕೆ ತಿರುಗಿರಿ. ತೆಲುಗಿನ 'ಆಗು' ಎಂದರೆ 'ನಿಲ್ಲು'. 'ಅವಸರಂ' ಎಂದರೆ 'ಬೇಕು, ಅಗತ್ಯವಿದೆ'. ನಮ್ಮ ಅವಸರದಂತೆ ಗಡಿಬಿಡಿಯಲ್ಲ. ಮರಾಠಿಯ 'ರಾಗ' ಸಂಗೀತದ ರಾಗವೂ ಹೌದು, ಸಿಟ್ಟೂ ಹೌದು. ಮರಾಠಿಯ 'ಹೋ' ಎಂದರೆ 'ಹೌದು'. ನಮಗೆ ಅದು 'ಹೋಗು' ಎಂದಂತೆ ಕೇಳಿಸುತ್ತದೆ.

ನಮ್ಮ ಮಾತೂ ಬೇರೆಯವರ ಕಿವಿಗೆ ಹೀಗೆಯೇ ಎಂಬುದನ್ನು ಮರೆಯಬಾರದು. ಶತ್ರು ಮರದ ಹಿಂದೆ ಅಡಗಿದ್ದಾನೆ. ನೀವು "ಮರ! ಮರ!" ಎಂದು ಕೂಗುತ್ತೀರಿ. ಮರಾಠಿ ಹುಡುಗನಿಗೂ ಹಿಂದಿ ಹುಡುಗನಿಗೂ ಅದು ಹೇಗೆ ಕೇಳಿಸುತ್ತದೆ ಬಲ್ಲಿರಾ? "ಸಾಯಿ! ಸಾಯಿ!" ಎಂದು. ಗುರುತಿಲ್ಲದ ಊರಿನ ಹುಡುಗ ಬೆಳಿಗ್ಗೆಯೇ ನನಗೆ ಸಾಯಿ ಅಂದನಲ್ಲ ಎಂದು ಆ ಮಗು ನೊಂದುಕೊಂಡರೆ ಅದರಲ್ಲಿ ಅದರ ತಪ್ಪೇನು? ಆದ್ದರಿಂದ ಅಪರಿಚಿತನ ಬಾಯಿಯಿಂದ ಬೈಗಳಂಥ ಒಂದು ಪದ ಬಂದಾಗ ಅವನ ಭಾಷೆಯಲ್ಲಿ ಅದಕ್ಕೆ ಬೇರೆ ಅರ್ಥವಿರಬಹುದೇ ಎಂದು ಒಮ್ಮೆ ಯೋಚಿಸಿರಿ. ಎರಡನೆಯ ಸಲ, ಮೂರನೆಯ ಸಲವೂ ಹಾಗೆಯೇ ನಡೆದರೆ, ಅಥವಾ ನಗುತ್ತ ಹೀಯಾಳಿಸಿದರೆ, ಅದು ಬೈಗಳೇ. ಆಗ ತಿರುಗಿ ಬೈಯುವುದಕ್ಕಿಂತ ದನಿ ನಿಲ್ಲಿಸುವ ಗುಂಡಿ ಮೇಲು. ಪ್ರತಿಯೊಂದು ಒಳ್ಳೆಯ ಆಟದಲ್ಲಿಯೂ ಆ ಗುಂಡಿ ಇರುತ್ತದೆ. ಇಲ್ಲದ ಆಟವನ್ನು ಆಡದಿದ್ದರೂ ನಷ್ಟವಿಲ್ಲ.

ಎಲ್ಲ ಪದಗಳೂ ಮೋಸ ಮಾಡುತ್ತವೆ ಎಂದು ಹೆದರಬೇಡಿರಿ. ಕೈ ಹಿಡಿಯುವ ಪದಗಳೂ ಬಹಳ ಇವೆ. ನಾವು 'ಎಡಗಡೆ' ಎನ್ನುತ್ತೇವೆ, ಮರಾಠಿಯವರು 'ಡಾವೀಕಡೆ' ಎನ್ನುತ್ತಾರೆ. 'ಕಡೆ' ಎರಡರಲ್ಲಿಯೂ ಒಂದೇ! ನಮ್ಮ ತುಪ್ಪ ಅವರ 'ತೂಪ'. ನಮ್ಮ ಅಡಕೊತ್ತು ಅವರ 'ಅಡಕಿತ್ತಾ'. ಅಣ್ಣಾ, ಅಕ್ಕಾ, ಕಾಕಾ ಎಂದು ಕರೆದರೆ ಉಮರ್ಗಾದಲ್ಲಿಯೂ ಬಸವಕಲ್ಯಾಣದಲ್ಲಿಯೂ ಜನ ಹೊರಳಿ ನೋಡುತ್ತಾರೆ.

ಆಟ ಆರಂಭವಾಗುವ ಮೊದಲು ಅರ್ಧ ನಿಮಿಷ ಸಿಗುತ್ತದೆ. ಆ ಹೊತ್ತನ್ನು ಹಾಳು ಮಾಡಬೇಡಿರಿ. ಜೊತೆಗಾರರ ದನಿ ಕೇಳಿ ಅವರ ಭಾಷೆ ಯಾವುದೆಂದು ಗುರುತಿಸಿರಿ. ಎಡ, ಬಲ, ನಿಲ್ಲು, ಸಹಾಯ ಈ ನಾಲ್ಕಕ್ಕೆ ಯಾವ ಪದ ಬಳಸುವುದೆಂದು ಕೇಳಿಕೊಳ್ಳಿರಿ. ಲೆಫ್ಟ್, ರೈಟ್, ಸ್ಟಾಪ್, ಹೆಲ್ಪ್ ಎಂಬ ಇಂಗ್ಲಿಷ್ ಪದಗಳು ಬಹಳ ಜನಕ್ಕೆ ಗೊತ್ತು. ಅವನ್ನು ಬಳಸಿದರೆ ಕನ್ನಡಕ್ಕೆ ಅವಮಾನವೇನೂ ಇಲ್ಲ. ಆದರೆ ರೈಟ್ ಎಂದರೆ 'ಬಲ' ಎಂದೇ ಇರಲಿ. ಬಸ್ಸಿನ ನಿರ್ವಾಹಕರಂತೆ "ರೈಟ್, ರೈಟ್" ಎಂದು 'ಹೊರಡು' ಎಂಬ ಅರ್ಥದಲ್ಲಿ ಹೇಳಿದರೆ ಜೊತೆಗಾರ ಗೋಡೆಗೆ ಹಾಯುತ್ತಾನೆ. ಸಂಖ್ಯೆಗಳನ್ನು ಬಿಡಿಬಿಡಿಯಾಗಿ ಹೇಳಿರಿ. ಒಂದು ಸಲಕ್ಕೆ ಒಬ್ಬರೇ ಮಾತಾಡಿರಿ. ನಾಲ್ವರೂ ಒಟ್ಟಿಗೆ ಕೂಗಿದರೆ ಒಂದೇ ಭಾಷೆಯಾದರೂ ತಿಳಿಯದು.

ಅನುವಾದ ಮಾಡುವ ಯಂತ್ರವಿದೆಯಲ್ಲ ಎಂದು ನಿಮ್ಮಲ್ಲಿ ಜಾಣರು ಕೇಳಬಹುದು. ಇದೆ. ಗೂಗಲ್‌ನ ಅನುವಾದದಲ್ಲಿ 2011ರಿಂದ ಕನ್ನಡವೂ ಇದೆ. ಚಿಕ್ಕದಾದ, ಪೂರ್ಣವಾದ ವಾಕ್ಯ ಬರೆದರೆ ಅದು ಕೆಲಸಕ್ಕೆ ಬರುತ್ತದೆ. "ಖಾಲಿ ಹಾಯ್ ನಾಯ್" ಎಂಬಂಥ ಮೂರು ಭಾಷೆಯ ಕಲಸುಮೇಲೋಗರ ಕೊಟ್ಟರೆ ಅದೂ ತಲೆ ಕೆರೆದುಕೊಳ್ಳುತ್ತದೆ. ಆಟದ ನಡುವೆ ಅದಕ್ಕೆ ಪುರುಸೊತ್ತೂ ಇರುವುದಿಲ್ಲ.

ಮಕ್ಕಳೇ, ಇಲ್ಲಿಯವರೆಗಿನದು ಆಟದ ಸೋಲು ಗೆಲುವಿನ ಮಾತು. ಇನ್ನು ಹೇಳುವುದು ಅದಕ್ಕಿಂತ ಗಂಭೀರವಾದದ್ದು. ನಿಧಾನವಾಗಿ ಓದಿರಿ.

ತಿಳಿಯದ ಭಾಷೆಯಲ್ಲಿ ಯಾರಾದರೂ ಮಾತಾಡಿದಾಗ ನಾವು ಏನು ಮಾಡುತ್ತೇವೆ? ತಿಳಿಯಲಿಲ್ಲ ಎಂದು ಹೇಳಲು ನಾಚಿಕೆ. ಹಳ್ಳಿಯವನು, ದಡ್ಡ ಎಂದು ನಕ್ಕಾರು ಎಂಬ ಭಯ. ಆದ್ದರಿಂದ ತಲೆಯಾಡಿಸಿ "ಹೂಂ" ಎನ್ನುತ್ತೇವೆ. ಅಥವಾ "ಓಕೆ" ಎಂದು ಒತ್ತುತ್ತೇವೆ. ತರಗತಿಯಲ್ಲಿ ಹೀಗೆ ಹೂಂಗುಟ್ಟಿದರೆ ಒಂದು ಲೆಕ್ಕ ತಪ್ಪೀತು, ಅಷ್ಟೇ. ಮೊಬೈಲಿನಲ್ಲಿ ಅಪರಿಚಿತನಿಗೆ ಹೂಂ ಎಂದರೆ ಮನೆಯ ದುಡ್ಡು ಹೋಗಬಹುದು.

ಹೀಗೆ ನಡೆಯುತ್ತದೆ: ಕೂಡಿ ಆಡಿದವನೊಬ್ಬ ಬಹಳ ಪ್ರೀತಿಯಿಂದ ಮಾತಾಡುತ್ತಾನೆ. ಅರ್ಧ ಹಿಂದಿ, ಅರ್ಧ ಇಂಗ್ಲಿಷ್. ನಿನಗೆ ಹೊಸ ಅಂಗಿ, ಹೊಸ ಬಣ್ಣ, ಆಟದ ನಾಣ್ಯ ಪುಕ್ಕಟೆ ಕೊಡುತ್ತೇನೆ ಎನ್ನುತ್ತಾನೆ. ಮೊಬೈಲಿಗೆ ಈಗ ಒಂದು ಸಂದೇಶ ಬರುತ್ತದೆ, ಅದರಲ್ಲಿಯ ಆರು ಅಂಕಿಗಳನ್ನು ಹೇಳು ಎನ್ನುತ್ತಾನೆ. ಸಂದೇಶ ಇಂಗ್ಲಿಷಿನಲ್ಲಿರುತ್ತದೆ. "ಈ ಅಂಕಿಯನ್ನು ಯಾರಿಗೂ ಹೇಳಬೇಡಿ" ಎಂದು ಅದರಲ್ಲಿಯೇ ಬರೆದಿರುತ್ತದೆ! ಆದರೆ ಮಗುವಿಗೆ ಓದಲು ಬಂದದ್ದು ಅಂಕಿ ಮಾತ್ರ. ಅದನ್ನು ಹೇಳಿಬಿಡುತ್ತದೆ. ಅಪ್ಪನ ಬ್ಯಾಂಕಿನ ಖಾತೆಯಲ್ಲಿ ಸೋಯಾಬೀನ ಮಾರಿದ ಹಣವಿತ್ತು.

ಇಂಥವನ ಕೈಯಲ್ಲಿ ಬೀಗ ಒಡೆಯುವ ಸಲಕರಣೆ ಯಾವುದೂ ಇಲ್ಲ. ನಮ್ಮ ನಾಚಿಕೆಯೇ ಅವನ ಸಲಕರಣೆ. ಆದ್ದರಿಂದ "ನನಗೆ ತಿಳಿಯಲಿಲ್ಲ" ಎಂಬ ಒಂದು ವಾಕ್ಯವನ್ನು ಎಲ್ಲ ಭಾಷೆಗಳಲ್ಲಿಯೂ ಬಾಯಿಪಾಠ ಮಾಡಿರಿ. ಮರಾಠಿಯಲ್ಲಿ: "ಮಲಾ ಸಮಜಲಂ ನಾಹೀ." ಹಿಂದಿಯಲ್ಲಿ: "ಮುಝೇ ಸಮಝ ಮೇಂ ನಹೀಂ ಆಯಾ." ತೆಲುಗಿನಲ್ಲಿ: "ನಾಕು ಅರ್ಥಂ ಕಾಲೇದು." ಇಂಗ್ಲಿಷಿನಲ್ಲಿ: "ಐ ಡೋಂಟ್ ಅಂಡರ್‌ಸ್ಟ್ಯಾಂಡ್." ಇದನ್ನು ತಲೆ ಎತ್ತಿ, ಜೋರಾಗಿ ಹೇಳಿರಿ. ಒಳ್ಳೆಯ ಜೊತೆಗಾರನಾದರೆ ಇನ್ನೊಮ್ಮೆ ಬಿಡಿಸಿ ಹೇಳುತ್ತಾನೆ. ಕೆಟ್ಟವನಾದರೆ ಅವಸರ ಮಾಡುತ್ತಾನೆ, ಇಲ್ಲವೆ ರೇಗುತ್ತಾನೆ. ಇಬ್ಬರ ಗುರುತೂ ಆಗ ತಾನೇ ಸಿಗುತ್ತದೆ.

ಊರು, ಶಾಲೆ, ಮೊಬೈಲ್ ಸಂಖ್ಯೆ, ಫೋಟೋ ಇವುಗಳನ್ನು ಆಟದಲ್ಲಿ ಸಿಕ್ಕವರಿಗೆ ಯಾವ ಭಾಷೆಯಲ್ಲಿ ಕೇಳಿದರೂ ಕೊಡಬಾರದು. ಅವನು ಅಚ್ಚ ಕನ್ನಡದಲ್ಲಿ ಕೇಳಿದರೂ ಕೊಡಬಾರದು. ನಮ್ಮ ಭಾಷೆಯವನು ಎಂಬ ಮಾತ್ರಕ್ಕೆ ನಮ್ಮವನಾಗುವುದಿಲ್ಲ. ಈ ಮಾತನ್ನು ಗಡಿಯ ಮಕ್ಕಳಿಗೆ ವಿಶೇಷವಾಗಿ ಹೇಳಬೇಕಾಗುತ್ತದೆ, ಯಾಕೆಂದರೆ ದೂರದಲ್ಲಿ ಕನ್ನಡ ಕೇಳಿದರೆ ನಮ್ಮ ಮನಸ್ಸು ಬೇಗ ಕರಗುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ನಮ್ಮ ಸಂಸತ್ತು 2025ರಲ್ಲಿ ಮಾಡಿದೆ. ಅಂಥದಕ್ಕೆ ಕರೆದವನ ಜೊತೆ ಮಾತೇ ಬೇಡ. ಯಾರಾದರೂ ಹೆದರಿಸಿದರೆ, ಪೀಡಿಸಿದರೆ ಮೊದಲು ಮನೆಯವರಿಗೆ ಇಲ್ಲವೆ ಗುರುಗಳಿಗೆ ಹೇಳಿರಿ. ಮಕ್ಕಳ ಸಹಾಯಕ್ಕೆ 1098 ಎಂಬ ಸಂಖ್ಯೆ ಇದೆ. ಹಣ ಹೋದರೆ ಹಿರಿಯರು ತಡಮಾಡದೆ 1930ಕ್ಕೆ ತಿಳಿಸಬೇಕು.

ಇನ್ನೊಂದು ಮಾತು ಉಳಿದಿದೆ. ನೀವು ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಸಂತೆಯಲ್ಲಿ ಹಿಂದಿ ಆಡುವವರು. ಗುಂಪಿನಲ್ಲಿ ಕಲಬುರ್ಗಿಯ ಹುಡುಗಿಗೆ ಕನ್ನಡ ಮಾತ್ರ ಬರುತ್ತದೆ, ನಾಂದೇಡದ ಹುಡುಗನಿಗೆ ಮರಾಠಿ ಮಾತ್ರ. ನಡುವೆ ನೀವು. ವೆಂಬ್ಲಿಯ ಮೈದಾನದಲ್ಲಿ ಅಂದು ಇಲ್ಲದಿದ್ದ ದುಭಾಷಿ ಈ ಆಟದಲ್ಲಿ ಇದ್ದಾನೆ, ನೀವೇ ಅದು! ಅವನು ಹೇಳಿದ್ದನ್ನು ಇವಳಿಗೆ, ಇವಳು ಹೇಳಿದ್ದನ್ನು ಅವನಿಗೆ ದಾಟಿಸಿರಿ. ದಾಟಿಸುವಾಗ ಮಧ್ಯೆ ನಿಮ್ಮದೊಂದು ಚೇಷ್ಟೆಯ ಮಾತು ಸೇರಿಸುವ ಆಸೆಯಾಗುತ್ತದೆ. ಸೇರಿಸಬೇಡಿರಿ. ಇಬ್ಬರೂ ನಿಮ್ಮ ಮಾತನ್ನೇ ನಂಬಿ ಓಡುತ್ತಿದ್ದಾರೆ.

ಹೊಸ ಪದಗಳು

ಅಪರಿಚಿತ - ಗುರುತಿಲ್ಲದವನು
ಸಂಕೇತ - ಮೊದಲೇ ಒಪ್ಪಿಕೊಂಡ ಗುರುತು
ಪಂಚರು - ಆಟದಲ್ಲಿ ತೀರ್ಪು ಕೊಡುವವರು
ದುಭಾಷಿ - ಒಬ್ಬರ ಮಾತನ್ನು ಇನ್ನೊಬ್ಬರ ಭಾಷೆಯಲ್ಲಿ ತಿಳಿಸುವವನು
ಅಪಾರ್ಥ - ತಪ್ಪು ಅರ್ಥ
ಕಲಸುಮೇಲೋಗರ - ಎಲ್ಲವೂ ಬೆರೆತು ಗೊಂದಲವಾದದ್ದು

ಸ್ವಾಧ್ಯಾಯ

ಪ್ರಶ್ನೆ 1. ಒಂದೊಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
(ಅ) ಮರಾಠಿಯಲ್ಲಿ 'ಖಾಲಿ' ಎಂದರೆ ಏನು?
(ಆ) ಹಳದಿ, ಕೆಂಪು ಕಾರ್ಡುಗಳು ಮೊದಲ ಸಲ ಯಾವ ವರ್ಷ, ಯಾವ ದೇಶದಲ್ಲಿ ಬಳಕೆಗೆ ಬಂದವು?
(ಇ) 1956ಕ್ಕೆ ಮೊದಲು ಉದಗೀರ ತಾಲೂಕು ಯಾವ ಜಿಲ್ಲೆಯಲ್ಲಿತ್ತು?

ಪ್ರಶ್ನೆ 2. ಕಾರಣ ಹೇಳಿರಿ.
(ಅ) ರಾಟಿನ್ ಮೈದಾನ ಬಿಟ್ಟು ಹೋಗಲು ಒಪ್ಪಲಿಲ್ಲ.
(ಆ) "ಮರ! ಮರ!" ಎಂದು ಕೇಳಿ ಮರಾಠಿ ಹುಡುಗ ನೊಂದುಕೊಂಡ.
(ಇ) ತಿಳಿಯದ ಮಾತಿಗೆ 'ಓಕೆ' ಒತ್ತಬಾರದು.

ಪ್ರಶ್ನೆ 3. ನಿಮ್ಮ ಮಾತಿನಲ್ಲಿ ಹೇಳಿರಿ.
ಮಾತಿಲ್ಲದ ಆಟದಲ್ಲಿ ಒಂದೇ ಗಂಟೆಯ ದನಿಯಿಂದ "ಇಲ್ಲಿ ಬಾ" ಮತ್ತು "ಅಪಾಯವಿದೆ" ಎಂಬುದನ್ನು ನೀವು ಹೇಗೆ ಬೇರೆ ಬೇರೆಯಾಗಿ ತಿಳಿಸುವಿರಿ?

ಉಪಕ್ರಮ

ನಿಮ್ಮ ಓಣಿಯಲ್ಲಿ, ಸಂತೆಯಲ್ಲಿ ಕೇಳಿಬರುವ ಮಾತುಗಳನ್ನು ಗಮನಿಸಿರಿ. ದನಿ ಒಂದೇ ಇದ್ದು ಕನ್ನಡದಲ್ಲಿ ಒಂದು ಅರ್ಥ, ಮರಾಠಿ, ಉರ್ದು, ತೆಲುಗು ಅಥವಾ ಲಂಬಾಣಿಯಲ್ಲಿ ಬೇರೆ ಅರ್ಥವಿರುವ ಐದು ಪದಗಳನ್ನು ಸಂಗ್ರಹಿಸಿರಿ. ಹತ್ತಿರದ ಮರಾಠಿ ಶಾಲೆಯ ಮಕ್ಕಳೊಂದಿಗೆ ಒಂದು ಖೋ-ಖೋ ಪಂದ್ಯ ಆಡಿ, ಅವರ ಪಟ್ಟಿಯನ್ನೂ ನಿಮ್ಮ ಪಟ್ಟಿಯನ್ನೂ ಕೂಡಿಸಿ ತರಗತಿಯ ಗೋಡೆಗೆ ಹಚ್ಚಿರಿ.